ಕೊಡದವನಿಗೂ ವಕೀಲ ಬೇಕು

ಜೀವನಾಂಶದ ಮಾತು ಬಂದಾಗ ನಮ್ಮಲ್ಲಿ ತೀರ್ಪು ಕೋರ್ಟಿಗಿಂತ ಮೊದಲು ಊರಿನಲ್ಲಿ ಆಗಿಬಿಡುತ್ತದೆ. ಬಿ.ಸಿ. ರೋಡಿನ ಹೋಟೆಲಿನಲ್ಲಿ ಚಹಾ ಕುಡಿಯುವವರಾಗಲಿ, ಬೆಳ್ತಂಗಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತವರಾಗಲಿ, ಮೂಡುಬಿದಿರೆಯ ಮದುವೆ ಹಾಲಿನಲ್ಲಿ ಮುಂದಿನ ಪಂಕ್ತಿಗೆ ಕಾಯುವವರಾಗಲಿ, ಹೇಳುವುದು ಒಂದೇ: “ಹುಟ್ಟಿಸಿದ ಮಕ್ಕಳಿಗೆ ಅನ್ನ ಹಾಕದವನಿಗೆ ಎಂತ ವಕೀಲ ಮಾರಾಯ್ರೆ? ಒಂದು ತಿಂಗಳು ಒಳಗೆ ಹಾಕಿದರೆ ತನ್ನಿಂದ ತಾನೇ ಕೊಡ್ತಾನೆ.” ಅಂಥವನಿಗೂ ಸರಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಲು ಕಾನೂನಿನಲ್ಲಿ ಜಾಗ ಇದೆ ಎಂದು ಹೇಳಿ ನೋಡಿ, ಕೇಳಿದವರಿಗೆ ಸಿಟ್ಟು ಬರುತ್ತದೆ. ಉಚಿತ ಕಾನೂನು ನೆರವು ಇರುವುದು ಹೆಂಗಸರಿಗೆ ಮತ್ತು ಮಕ್ಕಳಿಗೆ. ಮಕ್ಕಳ ಹೊಟ್ಟೆಗೆ ಹೊಡೆದವನಿಗೆ ಅದನ್ನು ಕೊಡುವುದು ತಾಯಿಗೆ ಬಗೆಯುವ ದ್ರೋಹ ಎನ್ನುತ್ತಾರೆ. ಓದಿದವರು, ಸಮಾಜಸೇವೆ ಮಾಡುವವರು, ಕೆಲವು ವಕೀಲರು ಕೂಡ ಹೀಗೇ ಹೇಳುವುದುಂಟು.

ಇದು ತಪ್ಪು ಅಭಿಪ್ರಾಯ. ಒಳ್ಳೆಯ ಮನಸ್ಸಿನಿಂದ ಹುಟ್ಟಿದ ತಪ್ಪಾದ್ದರಿಂದ ಯಾರೂ ಅದನ್ನು ಪ್ರಶ್ನಿಸುವುದಿಲ್ಲ, ಅಷ್ಟೆ. ಬಾಕಿ ಉಳಿಸಿಕೊಂಡ ತಂದೆಗೆ ಸಕಾಲದಲ್ಲಿ ವಕೀಲ ಸಿಗದೆ ಹೋದರೆ ಮೊದಲ ನಷ್ಟ ಮಗುವಿಗೆ, ಎರಡನೆಯದು ತಾಯಿಗೆ. ತಂದೆಯ ನಷ್ಟದ ಲೆಕ್ಕ ಆಮೇಲೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೀವನಾಂಶ ಕೇಳುವ ಹೆಂಗಸರೆಲ್ಲ ಸುಳ್ಳು ಹೇಳುತ್ತಾರೆ, ಕಾನೂನೆಲ್ಲ ಗಂಡಸರ ವಿರುದ್ಧ ಇದೆ ಎಂದು ಮೊಬೈಲಿನಲ್ಲಿ ಹಂಚಿಕೊಳ್ಳುವವರ ಗುಂಪಿನಲ್ಲಿ ನಾನಿಲ್ಲ. ಬೆಳಿಗ್ಗೆ ಮಗುವನ್ನು ಶಾಲೆಗೆ ಕಳಿಸಿ, ಮಧ್ಯಾಹ್ನದವರೆಗೆ ಬೀಡಿ ಕಟ್ಟಿ, ಬ್ರಾಂಚಿಗೆ ಕೊಟ್ಟು ಬಂದು, ಕೋರ್ಟಿನ ದಿನ ಆ ದಿನದ ಮಜೂರಿಯನ್ನೂ ಕಳೆದುಕೊಳ್ಳುವ ತಾಯಂದಿರು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲ್ಲೂಕುಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಇರುವ ದುಡ್ಡನ್ನು ಅಡಗಿಸಿ ಕೈ ಎತ್ತುವ ಗಂಡಸರೂ ಇದ್ದಾರೆ, ಬೇಕಾದಷ್ಟು. ನನ್ನ ವಾದ ಆ ತಾಯಿಯ ಕೈಗೆ ದುಡ್ಡು ಬರಬೇಕೆಂಬಲ್ಲಿಂದಲೇ ಹೊರಡುತ್ತದೆ.

ಕಾನೂನು ಏನು ಹೇಳುತ್ತದೆ ನೋಡಿ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸಂಖ್ಯೆ ಬದಲಾಗಿದೆ, ಒಳಗಿನ ತಿರುಳು ಅದೇ. ಸಾಕಷ್ಟು ವರಮಾನ ಇದ್ದೂ ಹೆಂಡತಿಯನ್ನೋ ಮಕ್ಕಳನ್ನೋ ವಯಸ್ಸಾದ ತಂದೆ ತಾಯಿಯನ್ನೋ ನೋಡಿಕೊಳ್ಳದವನಿಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ ಇಷ್ಟು ಕೊಡು ಎಂದು ಆದೇಶಿಸಬಹುದು. ಮದುವೆಯಿಂದ ಹುಟ್ಟಿದ ಮಗು, ಹೊರಗೆ ಹುಟ್ಟಿದ ಮಗು ಎಂಬ ಭೇದ ಅಲ್ಲಿಲ್ಲ. ಧರ್ಮದ ಭೇದವೂ ಇಲ್ಲ. ಮುಸ್ಲಿಂ ಮಕ್ಕಳಿಗೂ ಈ ಹಕ್ಕು ಇದ್ದೇ ಇದೆ ಎಂದು ಸುಪ್ರೀಂ ಕೋರ್ಟು 1997ರಲ್ಲೇ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಹೇಳಿದೆ. ಆದೇಶವಾದ ಮೇಲೆ ಸಕಾರಣವಿಲ್ಲದೆ ಕೊಡದಿದ್ದರೆ ದಂಡ ವಸೂಲಿ ಮಾಡುವ ಹಾಗೆ ವಾರಂಟ್ ಹೊರಡಿಸಬಹುದು. ಆಗಲೂ ಬಾರದಿದ್ದರೆ ಜೈಲು.

ಇಲ್ಲಿ ಎರಡು ಷರತ್ತುಗಳಿವೆ. ಒಂದು, ವರಮಾನ ಇರಬೇಕು. ಎರಡು, ಕೊಡದೆ ಇರಲು ತಕ್ಕ ಕಾರಣ ಇರಬಾರದು. ಕಾನೂನು ತಾನೇ ಇಟ್ಟ ಈ ಎರಡು ಬಾಗಿಲುಗಳನ್ನು ದಾಟಿಯೇ ಜೈಲಿಗೆ ಹೋಗಬೇಕು. ಆದರೆ ಇವನಿಗೆ ವರಮಾನ ಇತ್ತೇ, ಕಾರಣ ತಕ್ಕದ್ದೇ ಎಂದು ಪರೀಕ್ಷೆಯಾಗಬೇಕಾದರೆ ಯಾರಾದರೂ ಅದನ್ನು ಕಾಗದದ ಮೇಲೆ ಇಡಬೇಕಲ್ಲ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕೋರೆಗೆ ಇಳಿದವನು ಕಟಕಟೆಯಲ್ಲಿ ನಿಂತು “ಕೆಲಸ ಇಲ್ಲ ಸ್ವಾಮಿ” ಎನ್ನುತ್ತಾನೆ. ಅದು ಸಾಕ್ಷ್ಯವಾಗುವುದಿಲ್ಲ. ಮುಂದಿನ ಕೇಸು ಕೂಗುತ್ತಾರೆ, ಇವನ ಮೇಲೆ ವಾರಂಟ್ ಆಗಿರುತ್ತದೆ.

ಬ್ಯಾಂಕಿನ ಸಾಲಗಾರನ ಸ್ಥಿತಿ ಇದಕ್ಕಿಂತ ಎಷ್ಟೋ ವಾಸಿ. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸ್ಪಷ್ಟವಾಗಿ ಹೇಳಿದರು: ಕೊಡಲು ಶಕ್ತಿ ಇದ್ದೂ ಕೆಟ್ಟ ಬುದ್ಧಿಯಿಂದ ಕೊಡದವನನ್ನು ಮಾತ್ರ ಸಿವಿಲ್ ಜೈಲಿಗೆ ಹಾಕಬಹುದು, ಬಡತನವೇ ಅಪರಾಧವಾಗಕೂಡದು. ಬ್ಯಾಂಕಿಗೆ ಬಾಕಿಯಾದವನ ವಿಷಯದಲ್ಲಿ ಇಷ್ಟು ನಾಜೂಕಾಗಿರುವ ನಾವು, ಮಗುವಿಗೆ ಬಾಕಿಯಾದವನ ವಿಷಯದಲ್ಲಿ ವಿಚಾರಣೆಯೇ ದಂಡ ಎನ್ನುತ್ತೇವೆ. ಮಗುವಿನ ಹಸಿವು ಬ್ಯಾಂಕಿನ ಬಡ್ಡಿಗಿಂತ ದೊಡ್ಡದು, ಒಪ್ಪಿದೆ. ಹಾಗಿದ್ದರೆ ಆ ಹಸಿವನ್ನು ನೀಗಿಸುವ ದಾರಿಯ ಬಗ್ಗೆ ಇನ್ನಷ್ಟು ಯೋಚಿಸಬೇಕಿತ್ತು.

ಜೈಲಿನಿಂದ ದುಡ್ಡು ಹುಟ್ಟುತ್ತದೆಯೇ? ಲೆಕ್ಕ ಹಾಕಿಯೇ ನೋಡೋಣ. ಮಗುವಿಗೆ ತಿಂಗಳಿಗೆ 6,000 ರೂಪಾಯಿ ಎಂದು ಆದೇಶವಾಯಿತೆನ್ನಿ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕೆಂದು 2020ರ ನವೆಂಬರ್ 4ರಂದು ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ, ಸರಿಯಾಗಿಯೇ ವಿಧಿಸಿದೆ. ಅರ್ಜಿ ತೀರ್ಮಾನವಾಗಲು ಎರಡೂವರೆ ವರ್ಷ ಹಿಡಿದರೆ ಆದೇಶದ ದಿನವೇ ಬಾಕಿ 1,80,000. ದಿನಗೂಲಿಯವನಿಗೆ ಅದು ಒಂದೇ ಕಂತಿನಲ್ಲಿ ಎತ್ತಲಾಗದ ಮೊತ್ತ. ಅವನನ್ನು ಒಂದು ತಿಂಗಳು ಒಳಗೆ ಹಾಕುತ್ತಾರೆ. ಆ ತಿಂಗಳ ಕೂಲಿ ಹೋಯಿತು. ಹೊರಗೆ ಬಂದಾಗ ಕೋರೆಯಲ್ಲಿ ಅವನ ಜಾಗಕ್ಕೆ ಬೇರೆಯವನು ಬಂದಿರುತ್ತಾನೆ. ಬಾಕಿ ಮಾತ್ರ 1,86,000 ಆಗಿರುತ್ತದೆ. ಏಕೆಂದರೆ ಜೈಲಿಗೆ ಹೋದರೆ ಸಾಲ ತೀರುವುದಿಲ್ಲ. ಜೈಲು ವಸೂಲಿಗೆ ಒತ್ತಾಯ ಹೇರುವ ದಾರಿ ಮಾತ್ರ, ಹಣ ಕೊಟ್ಟ ಹೊರತು ಹೊಣೆ ಇಳಿಯದು ಎಂದು 1989ರ ಕುಲದೀಪ್ ಕೌರ್ ತೀರ್ಪು ಹೇಳಿದೆ. ಒಮ್ಮೆಗೆ ಒಂದು ತಿಂಗಳಿಗಿಂತ ಹೆಚ್ಚು ಕೂಡಿಹಾಕುವಂತಿಲ್ಲ, ಮತ್ತೂ ಕೊಡದಿದ್ದರೆ ಪುನಃ ಅರ್ಜಿ ಹಾಕಬೇಕು ಎಂದು 1999ರ ಶಹಾದಾ ಖಾತೂನ್ ತೀರ್ಪು. ಅಂದರೆ ತಾಯಿಗೂ ಮತ್ತೆ ಅರ್ಜಿ, ಮತ್ತೆ ಅಲೆದಾಟ. ದುಡ್ಡು ಇದ್ದು ಕೊಡದವನು ಜೈಲಿನ ಬಾಗಿಲು ಕಂಡ ಕೂಡಲೇ ಕೊಡುತ್ತಾನೆ, ನಿಜ. ಅಂಥವನಿಗೆ ಜೈಲಿನ ಹೆದರಿಕೆ ಬೇಕೇ ಬೇಕು. ಇಲ್ಲದವನಿಂದ ಬರುವುದು ಜೈಲಿನ ಊಟದ ಖರ್ಚು, ಅದನ್ನೂ ನಾವೇ ಕೊಡುತ್ತೇವೆ. ಇವರಿಬ್ಬರನ್ನು ಬೇರೆ ಬೇರೆ ಮಾಡಿ ಗುರುತಿಸುವ ಕೆಲಸ ಎದುರು ಪಕ್ಷದಲ್ಲಿ ವಕೀಲ ಇಲ್ಲದೆ ಆಗುವುದಿಲ್ಲ.

ನಮ್ಮ ಊರುಗಳ ದುಡಿಮೆಯ ಸ್ವಭಾವವನ್ನು ಈ ಕೇಸುಗಳ ಪಕ್ಕದಲ್ಲಿಟ್ಟು ಯಾರಾದರೂ ನೋಡಿದ್ದಾರೆಯೇ ಎಂದು ನನಗೆ ಸಂಶಯ. ಕಾನೂನಿನ ಲೆಕ್ಕ ತಿಂಗಳ ಲೆಕ್ಕ. ಸಂಬಳದವನಿಗೆ ಅದು ಹೊಂದುತ್ತದೆ. ತುಳುನಾಡಿನ ಅರ್ಧಕ್ಕರ್ಧ ದುಡಿಮೆ ನಡೆಯುವುದು ಮಳೆ ನೋಡಿ. ಕೆಂಪುಕಲ್ಲಿನ ಕೋರೆಗಳು ಮಳೆಗಾಲದಲ್ಲಿ ನಿಲ್ಲುತ್ತವೆ. ಗಾರೆ ಕೆಲಸ ನಿಧಾನವಾಗುತ್ತದೆ. ರಬ್ಬರ್ ಟ್ಯಾಪಿಂಗಿಗೂ ಜೋರು ಮಳೆಯಲ್ಲಿ ರಜೆ. ಅಡಿಕೆ ಮರ ಹತ್ತುವವನಿಗೆ ಮದ್ದು ಬಿಡುವಾಗ, ಕೊಯ್ಲಿನಲ್ಲಿ ಕೈತುಂಬ ಕೆಲಸ, ನಡುವೆ ಖಾಲಿ. ಅವನು ಒಮ್ಮೆ ಮರದಿಂದ ಬಿದ್ದರಂತೂ ಮುಂದಿನ ವರ್ಷಗಳೇ ಖಾಲಿ. ಪತ್ತನಾಜೆ ಬಂತೆಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ, ಜಾತ್ರೆಗಳು ಮುಗಿಯುತ್ತವೆ. ಯಕ್ಷಗಾನದ ವೇಷಧಾರಿ, ಚೆಂಡೆಯವನು, ಶಾಮಿಯಾನ ಹಾಕುವವನು, ಜಾತ್ರೆಯಲ್ಲಿ ಚರುಮುರಿ ಅಂಗಡಿ ಇಡುವವನು ಇವರೆಲ್ಲರ ಕೈ ಅಲ್ಲಿಂದ ದೀಪಾವಳಿಯ ಸುಮಾರಿನವರೆಗೆ ಬರಿದು. ಆಟಿ ತಿಂಗಳಲ್ಲಿ ತನಗೇ ಗಂಜಿಗೆ ತತ್ವಾರ ಇರುವವನ ಮೇಲೆ ಆ ತಿಂಗಳಿಗೂ 6,000 ಕೂಡುತ್ತದೆ. ಜನವರಿಯಲ್ಲಿ ಅವನ ಕೈಯಲ್ಲಿ ದುಡ್ಡು ಆಡುವಾಗ ಯಾರೂ ಕೇಳಿರುವುದಿಲ್ಲ. ಜುಲೈಯಲ್ಲಿ ವಾರಂಟ್ ಬರುತ್ತದೆ.

ಇದಕ್ಕೆ ಮದ್ದು ಕಾನೂನಿನಲ್ಲೇ ಇದೆ. ಪರಿಸ್ಥಿತಿ ಬದಲಾದರೆ ಮೊತ್ತವನ್ನು ಹೆಚ್ಚು ಕಡಿಮೆ ಮಾಡಲು 146ನೇ ಕಲಮು, ಹಿಂದಿನ 127. ವರ್ಷದ ಒಟ್ಟು ವರಮಾನ ತೋರಿಸಿ, ಸುಗ್ಗಿಯ ತಿಂಗಳುಗಳಲ್ಲಿ ಮುಂಗಡ ಕಟ್ಟುತ್ತೇನೆ ಎಂದು ಎರಡೂ ಕಡೆಯವರು ಒಪ್ಪಿ ಮೆಮೋ ಹಾಕುವುದಕ್ಕೂ ಅಡ್ಡಿಯಿಲ್ಲ. ಹಾಗೆ ಮಾಡಿದರೆ ಜೂನಿನಲ್ಲಿ ಶಾಲೆ ಶುರುವಾಗುವಾಗ ತಾಯಿಯ ಖಾತೆಯಲ್ಲಿ ದುಡ್ಡು ಇರುತ್ತದೆ. ಆದರೆ 146ನೇ ಕಲಮು ಇದೆಯೆಂದು ಕೋರೆಯವನಿಗೆ ಹೇಳುವವರು ಯಾರು? ಅರ್ಜಿ ಹಾಕುವ ತನಕ ಹಳೆಯ ಮೊತ್ತವೇ ಏರುತ್ತಾ ಹೋಗುತ್ತದೆ ಎಂದು ಎಚ್ಚರಿಸುವವರು ಯಾರು? 2020ರ ಮೇ ತಿಂಗಳಿನಿಂದ ಕೊಲ್ಲಿ ರಾಷ್ಟ್ರಗಳಿಂದ ಮಂಗಳೂರಿಗೆ ವಿಮಾನ ಹತ್ತಿ ಬಂದವರಲ್ಲಿ ಕೆಲಸ ಕಳೆದುಕೊಂಡವರು ಎಷ್ಟೋ ಮಂದಿ. ದುಬೈಯ ಸಂಬಳದ ಮೇಲೆ ಆದ ಆದೇಶ, ಫರಂಗಿಪೇಟೆಯಲ್ಲಿ ರಿಕ್ಷಾ ಬಿಡುವವನ ಮೇಲೆ ಹಾಗೆಯೇ ಉಳಿಯುತ್ತದೆ, ಅವನು ಬಂದು ಕೇಳದಿದ್ದರೆ. ಕೋರ್ಟು ತಾನಾಗಿ ಹುಡುಕಿ ಇಳಿಸುವುದಿಲ್ಲ.

ವಕೀಲ ಸಿಗದ ಜಾಗಕ್ಕೆ ಬರುವವರು ಬೇರೆ. ಎಲ್ಲ ಊರಿನಲ್ಲೂ ಒಬ್ಬರಿರುತ್ತಾರೆ, ಎಲ್ಲ ಬಲ್ಲವರು. “ನೋಟಿಸು ತಗೊಳ್ಳಬೇಡ. ಹೋಗಬೇಡ. ಹೋದರೆ ಒಪ್ಪಿಕೊಂಡ ಹಾಗೆ. ಜಾಗ ಇದ್ದರೆ ಅಮ್ಮನ ಹೆಸರಿಗೆ ಮಾಡಿಬಿಡು.” ಈ ಬಿಟ್ಟಿ ಸಲಹೆಯಿಂದ ಹಾಳಾದ ಕೇಸುಗಳ ಸಂಖ್ಯೆಗೆ ಲೆಕ್ಕವಿಲ್ಲ. ಹಾಜರಾಗದಿದ್ದರೆ ಏಕಪಕ್ಷೀಯ ಆದೇಶ ಆಗುತ್ತದೆ. ಅದನ್ನು ರದ್ದು ಮಾಡಿಸಿಕೊಳ್ಳಲು ಇರುವುದು ಮೂರು ತಿಂಗಳು, ಅದೂ ಗೈರಾದದ್ದಕ್ಕೆ ತಕ್ಕ ಕಾರಣ ತೋರಿಸಿ. ತಾಯಿಯ ಅರ್ಜಿಯಲ್ಲಿ ಬರೆದ ವರಮಾನವೇ ಆಗ ನಿಜವಾಗುತ್ತದೆ. ಅದು ಅತಿಯಾಗಿರಬಹುದು, ಎಷ್ಟೋ ಸಲ ಇರುವುದಕ್ಕಿಂತ ಕಡಿಮೆಯೂ ಆಗಿರಬಹುದು, ಏಕೆಂದರೆ ಗಂಡನ ನಿಜವಾದ ಆದಾಯ ಹೆಂಡತಿಗೆ ಗೊತ್ತಿರುವುದು ಅಪರೂಪ. ಕೊಡಲಾಗದ ಮೊತ್ತದ ಆದೇಶ ಕೈಗೆ ಬಂದ ದಿನವೇ ಅವನು ಊರು ಬಿಡುತ್ತಾನೆ. ಕೇರಳಕ್ಕೋ ಮುಂಬಯಿಗೋ ಹೋದವನ ವಿಳಾಸ ಪೊಲೀಸರಿಗೆ ಸಿಗುವಷ್ಟರಲ್ಲಿ ಮಗು ಎರಡು ಕ್ಲಾಸು ಮುಂದೆ ಹೋಗಿರುತ್ತದೆ. ನೋಟಿಸು ಬಂದ ವಾರದಲ್ಲೇ ಒಬ್ಬ ವಕೀಲರು ಅವನನ್ನು ಕೂರಿಸಿ “ಹೋಗದಿದ್ದರೆ ಇದಾಗುತ್ತದೆ, ಹೋದರೆ ಇದಾಗುತ್ತದೆ” ಎಂದು ಹೇಳಿದ್ದರೆ, ಕಡಿಮೆಯೋ ಹೆಚ್ಚೋ ಆ ತಾಯಿಗೆ ತಿಂಗಳು ತಿಂಗಳು ಏನಾದರೂ ಬರುತ್ತಿತ್ತು.

“ಮಗುವನ್ನು ನೋಡಲು ಬಿಡುವುದಿಲ್ಲ, ಮತ್ತೆ ನಾನ್ಯಾಕೆ ಕೊಡಬೇಕು?” ಬಾಕಿಯಾದ ತಂದೆಯಂದಿರ ಬಾಯಲ್ಲಿ ಇದಕ್ಕಿಂತ ಹೆಚ್ಚು ಸಲ ಬರುವ ಮಾತಿಲ್ಲ. ಇದು ಕಾನೂನಿನ ಮುಂದೆ ನಿಲ್ಲದ ವಾದ. ಮಗುವನ್ನು ನೋಡುವ ಹಕ್ಕು ಬೇರೆ, ಮಗುವಿಗೆ ಕೊಡುವ ಹೊಣೆ ಬೇರೆ. ಒಂದನ್ನು ತಡೆದು ಇನ್ನೊಂದನ್ನು ಪಡೆಯುವಂತಿಲ್ಲ. ಭೇಟಿಗೆ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ಪ್ರತ್ಯೇಕ ಅರ್ಜಿ ಇದೆ. ಇದನ್ನು ಅವನಿಗೆ ನಂಬುವ ಹಾಗೆ ಹೇಳಬಲ್ಲವರು ಅವನದೇ ವಕೀಲರು. ಎದುರು ಪಕ್ಷದವರು ಹೇಳಿದರೆ ಅವನು ಕೇಳುವುದಿಲ್ಲ, ನ್ಯಾಯಾಧೀಶರು ಹೇಳಿದರೆ ಗದರಿದ ಹಾಗೆ ಕೇಳಿಸುತ್ತದೆ. ಅವನ ಪರ ನಿಂತವರು “ಇದು ನಡೆಯುವುದಿಲ್ಲ, ಮೊದಲು ಕಟ್ಟು, ನೋಡುವ ಅರ್ಜಿ ನಾನು ಹಾಕುತ್ತೇನೆ” ಎಂದರೆ ಕಟ್ಟುತ್ತಾನೆ. ವಕೀಲರೆಂದರೆ ಜಾರಿಕೊಳ್ಳುವ ದಾರಿ ಹೇಳಿಕೊಡುವವರು ಎಂದಷ್ಟೇ ತಿಳಿದವರಿಗೆ ಈ ಕೆಲಸ ಕಾಣುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ಕಡೆಯದ್ದು. ಇಲ್ಲಿ ಕೋರ್ಟಿಗೆ ಹೋಗುವ ಮೊದಲು ಪಂಚಾಯಿತಿಕೆ ಆಗುತ್ತದೆ. ಗುರಿಕಾರರು, ಜಮಾಅತಿನ ಹಿರಿಯರು, ಚರ್ಚಿನ ಫಾದರ್, ಜಾತಿ ಸಂಘದ ಅಧ್ಯಕ್ಷರು, ಇಲ್ಲದಿದ್ದರೆ ಪೊಲೀಸ್ ಠಾಣೆ. ಬೆಳ್ತಂಗಡಿ ತಾಲ್ಲೂಕಿನಲ್ಲಿ ಧರ್ಮಸ್ಥಳವೇ ಇದೆ; ಅಲ್ಲಿ ಹೆಗ್ಗಡೆಯವರ ಮುಂದೆ ವ್ಯಾಜ್ಯ ಹೇಳಿಕೊಳ್ಳುವ ಹೊಯ್ಲಿನ ಪದ್ಧತಿ ಹಳೆಯದು. ರಾಜಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಈ ರಾಜಿಗಳಲ್ಲಿ ಎರಡು ತಪ್ಪು ನಡೆಯುತ್ತವೆ. ಮೊದಲನೆಯದು, ಒಂದಷ್ಟು ಲಕ್ಷ ಒಟ್ಟಿಗೆ ಕೊಟ್ಟು “ಮುಂದೆ ಮಗುವಿಗೂ ಏನೂ ಕೇಳುವುದಿಲ್ಲ” ಎಂದು ಬರೆಸಿಕೊಳ್ಳುವುದು. ಮಗುವಿನ ಹಕ್ಕನ್ನು ತಾಯಿ ಬರೆದುಕೊಟ್ಟರೂ ಅದು ಹೋಗುವುದಿಲ್ಲ; ನಾಲ್ಕು ವರ್ಷದ ನಂತರ ಮಗುವಿನ ಹೆಸರಿನಲ್ಲಿ ಅರ್ಜಿ ಬಂದಾಗ ತಂದೆ “ಮೋಸ” ಎಂದು ಬೊಬ್ಬೆ ಹಾಕುತ್ತಾನೆ. ಎರಡನೆಯದು ಇನ್ನೂ ಸಾಮಾನ್ಯ: ಕೈಯಲ್ಲಿ ಕೊಟ್ಟ ನಗದು. ಓಣಂ, ದೀಪಾವಳಿ, ಹಬ್ಬ ಎಂದು ಮಾವನ ಕೈಯಲ್ಲಿ ಕೊಟ್ಟದ್ದು, ಶಾಲೆಯ ಫೀಸು ಕಟ್ಟಿದ್ದು, ಆಸ್ಪತ್ರೆಯ ಬಿಲ್ಲು ಕೊಟ್ಟದ್ದು ಯಾವುದಕ್ಕೂ ರಶೀದಿ ಇಲ್ಲ. ಬಾಕಿಯ ಅರ್ಜಿಯಲ್ಲಿ ಇಡೀ ಮೊತ್ತ ಬಾಕಿ ಎಂದು ಬಂದಾಗ, ಕೊಟ್ಟವನಿಗೆ ಕೊಟ್ಟೆ ಎಂದು ತೋರಿಸಲು ಏನೂ ಇರುವುದಿಲ್ಲ. ಆಗ ಹುಟ್ಟುವ ಸಿಟ್ಟು ಮುಂದಿನ ತಿಂಗಳ ದುಡ್ಡನ್ನೂ ನಿಲ್ಲಿಸುತ್ತದೆ. ಮೊದಲ ದಿನವೇ “ತಾಯಿಯ ಬ್ಯಾಂಕ್ ಖಾತೆಗೇ ಹಾಕು, ಬೇರೆಲ್ಲೂ ಕೊಡಬೇಡ” ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಇಷ್ಟು ಸಣ್ಣ ಮಾತಿಗೆ ದೊಡ್ಡ ವಕೀಲರೇನೂ ಬೇಕಾಗಿಲ್ಲ.

ಎದುರು ವಾದಗಳಲ್ಲಿ ತೂಕವಿರುವುದು ಎರಡು. ಅವನು ಸುಳ್ಳು ಹೇಳುತ್ತಾನೆ, ವಕೀಲ ಅವನ ಸುಳ್ಳಿಗೆ ಇಸ್ತ್ರಿ ಹಾಕುತ್ತಾನೆ ಎನ್ನುವುದು ಮೊದಲನೆಯದು. ರಜನೀಶ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಇದಕ್ಕೆ ಬೇಲಿ ಕಟ್ಟಿದೆ: ಎರಡೂ ಕಡೆಯವರು ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಹೇಳಬೇಕು. ಕೃಷಿಕರಿಗೆಂದೇ ಬೇರೆ ನಮೂನೆ ಇದೆ. ಸುಳ್ಳು ಹೇಳಿದರೆ ಕ್ರಮ ಇದೆ. 2023ರಲ್ಲಿ ಅದಿತಿ ವಿರುದ್ಧ ಜಿತೇಶ್ ಶರ್ಮಾ ಪ್ರಕರಣದಲ್ಲಿ, ಕೆಳಗಿನ ಕೋರ್ಟುಗಳು ಇದನ್ನು ಪಾಲಿಸುತ್ತಿಲ್ಲವೆಂದು ಸುಪ್ರೀಂ ಕೋರ್ಟು ಬೇಸರದಿಂದ ಮತ್ತೆ ನೆನಪಿಸಬೇಕಾಯಿತು. ಈಗ ಹೇಳಿ, ಕೋರ್ಟಿಗೇ ಬಾರದವನಿಂದ ಅಫಿಡವಿಟ್ ಬರುತ್ತದೆಯೇ? ವಕಾಲತ್ತು ಹಾಕಿದ ವಕೀಲರ ಸಹಿಯ ಕೆಳಗೆ ಬರುವ ಲೆಕ್ಕವನ್ನು ತಾಯಿಯ ವಕೀಲರು ಆರ್‌ಟಿಸಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಪಾಟೀಸವಾಲು ಮಾಡಬಹುದು. ಓಡಿಹೋದವನನ್ನು ಪಾಟೀಸವಾಲು ಮಾಡಲಾಗದು. ದಿನಗೂಲಿಯವರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಈ ಅಫಿಡವಿಟ್ಟಿನಿಂದ ವಿನಾಯಿತಿ ಇದೆ; ಅವರ ಕೇಸಿನಲ್ಲಿ ಕಾಗದವೂ ಇಲ್ಲ, ಬಾಯಿಮಾತೇ ಎಲ್ಲ. ಅಂಥಲ್ಲಿ ಬಾಯಿಮಾತನ್ನು ಸಾಕ್ಷ್ಯವಾಗಿ ದಾಖಲಿಸುವವರು ಇರಲೇಬೇಕು. ಮೈಯಲ್ಲಿ ಶಕ್ತಿ ಇರುವವನು ಕೂಲಿ ಮಾಡಿಯಾದರೂ ಕೊಡಬೇಕು ಎಂದು 2015ರ ಶಮೀಮಾ ಫಾರೂಕಿ, 2022ರ ಅಂಜು ಗರ್ಗ್ ತೀರ್ಪುಗಳು ಹೇಳಿವೆ. ನಾನೂ ಹಾಗೇ ಹೇಳುತ್ತೇನೆ. ಆದರೆ ಮರದಿಂದ ಬಿದ್ದು ಸೊಂಟ ಮುರಿದವನ ಮೈಯಲ್ಲಿ ಶಕ್ತಿ ಇದೆಯೋ ಇಲ್ಲವೋ ಎಂಬುದಕ್ಕೆ ಡಾಕ್ಟರರ ಸರ್ಟಿಫಿಕೇಟನ್ನು ಯಾರಾದರೂ ಹಾಜರುಪಡಿಸಬೇಕು.

ಎರಡನೆಯ ವಾದ: ಎರಡೂ ಕಡೆ ವಕೀಲರಾದರೆ ಕೇಸು ಎಳೆಯುತ್ತದೆ. ಇದರಲ್ಲಿ ಸತ್ಯ ಇದೆ. ದಿನಾಂಕದ ಮೇಲೆ ದಿನಾಂಕ ತೆಗೆದುಕೊಳ್ಳುವ ವಕೀಲರನ್ನು ನಾವೆಲ್ಲ ನೋಡಿದ್ದೇವೆ. ಕಾನೂನು ನೆರವಿನ ಹೆಸರಿನಲ್ಲಿ ಮೆಮೋ ಹಾಕಿ ಕಕ್ಷಿಗಾರನ ಮುಖವನ್ನೂ ನೋಡದವರಿದ್ದಾರೆ. ಅದಕ್ಕೆ ಔಷಧ, ನೆರವಿನ ವಕೀಲರಿಗೆ ಮರ್ಯಾದೆಯ ಫೀಸು ಕೊಟ್ಟು ಮರ್ಯಾದೆಯ ಕೆಲಸ ಕೇಳುವುದು. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ಜಾರಿಯಾದ 60 ದಿನಗಳೊಳಗೆ ಸಾಧ್ಯವಾದಷ್ಟು ಮುಗಿಸಬೇಕೆಂಬ ಕಾನೂನಿನ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳುವುದು. ಮಧ್ಯಂತರ ಮೊತ್ತ ಬರಲು ಶುರುವಾದರೆ ಮುಖ್ಯ ಕೇಸು ಸ್ವಲ್ಪ ಎಳೆದರೂ ಮಗು ಉಪವಾಸ ಬೀಳುವುದಿಲ್ಲ.

ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೂ ಹೋಗಿತ್ತು. ದಕ್ಷಿಣ ಕೆರೊಲಿನಾದ ಟರ್ನರ್ ಎಂಬ ತಂದೆ ವಾರಕ್ಕೆ 51 ಡಾಲರ್ 73 ಸೆಂಟ್ ಕೊಡಬೇಕಿತ್ತು. ಬಾಕಿ 5,728 ಡಾಲರ್ ಮೀರಿದಾಗ, ವಕೀಲರಿಲ್ಲದ ಚಿಕ್ಕ ವಿಚಾರಣೆಯಲ್ಲಿ, ಅವನಿಗೆ ಕೊಡಲು ಶಕ್ತಿ ಇದೆಯೇ ಎಂದು ನೋಡದೆಯೇ 12 ತಿಂಗಳ ಜೈಲು ವಿಧಿಸಿದರು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ವಿಚಾರಣೆ ನ್ಯಾಯಬದ್ಧವಾಗಿರಲಿಲ್ಲ, ಶಕ್ತಿಯ ಪ್ರಶ್ನೆಯನ್ನು ಕೇಳಲೇಬೇಕು ಎಂದಿತು. ಆದರೆ ವಕೀಲನನ್ನು ಕೊಡಲೇಬೇಕೆಂದು ಹೇಳಲಿಲ್ಲ. ಕೊಟ್ಟ ಒಂದು ಕಾರಣ ಗಮನಿಸಬೇಕಾದದ್ದು: ಎಷ್ಟೋ ಸಲ ತಾಯಿಗೂ ವಕೀಲರಿರುವುದಿಲ್ಲ, ಬರೀ ತಂದೆಗೆ ಕೊಟ್ಟರೆ ತಕ್ಕಡಿ ವಾಲುತ್ತದೆ. ಅಲ್ಲಿನ ಮಟ್ಟಿಗೆ ಅದು ನ್ಯಾಯವಾದ ಭಯ. ಇಲ್ಲಿ ಆ ಭಯಕ್ಕೆ ಕಾರಣವೇ ಇಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಗೆ ಮತ್ತು ಮಗುವಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ಹಕ್ಕಿದೆ. ತಾಯಿಯ ಪಕ್ಕ ವಕೀಲರು ಇದ್ದೇ ಇರುವಂತೆ ಮಾಡಿದ ಮೇಲೆ ತಂದೆಯ ಪಕ್ಕ ಒಬ್ಬರು ನಿಂತರೆ ತಕ್ಕಡಿ ವಾಲುವುದಿಲ್ಲ.

ಅದೇ 12ನೇ ಕಲಮನ್ನು ಪೂರ್ತಿ ಓದಿದವರು ಕಡಿಮೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅಲ್ಲಿ ಆದಾಯದ ಮಿತಿ ಇಲ್ಲ. ಕುದುರೆಮುಖದ ತಪ್ಪಲಿನ ಮಲೆಕುಡಿಯನಾಗಲಿ, ಕೊರಗ ಸಮುದಾಯದವನಾಗಲಿ, ತಂದೆಯಾಗಿ ಕೇಸು ಎದುರಿಸಿದರೂ ಅವನಿಗೆ ಹಕ್ಕಿದೆ. ಅಂಗವಿಕಲರಿಗಿದೆ. ಕರ್ನಾಟಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿಗಿಂತ ಕಡಿಮೆ ವರಮಾನದ ಯಾರಿಗೂ ಇದೆ. ಕೇಸು ಹಾಕುವವರಿಗೆ ಮಾತ್ರವಲ್ಲ, ಎದುರಿಸುವವರಿಗೂ ಎಂದು ಅದೇ ಕಲಮು ಬಿಡಿಸಿ ಹೇಳಿದೆ. ಬಂಧನದಲ್ಲಿರುವವರಿಗೂ ಇದೆ. ವಿಪರ್ಯಾಸ ಇಲ್ಲಿಯೇ: ನೋಟಿಸು ಬಂದಾಗ ಯಾರೂ ಹೇಳದ ಹಕ್ಕು, ಜೈಲಿನ ಬಾಗಿಲು ಹಾಕಿದ ಕೂಡಲೇ ಯಾವ ಆದಾಯ ಪ್ರಮಾಣಪತ್ರವೂ ಇಲ್ಲದೆ ಸಿಗುತ್ತದೆ. ಎಲ್ಲ ಕೆಟ್ಟ ಮೇಲೆ ಬರುವ ವಕೀಲರು ಮೊದಲೇ ಬರಲಿ ಎನ್ನುವುದಷ್ಟೇ ಕೇಳಿಕೆ.

“ನಮ್ಮ ಸಂಸ್ಕೃತಿಯಲ್ಲಿ ತಂದೆಯಾದವನು...” ಎಂದು ಶುರುಮಾಡುವವರಿಗೆ ಒಂದು ನೆನಪು. ಈ ಮಣ್ಣಿನ ಬಹುಪಾಲು ಕುಟುಂಬಗಳಲ್ಲಿ ಮಗು ತಂದೆಯ ಹೊಣೆಯಾಗಿರಲೇ ಇಲ್ಲ. ಅಳಿಯಕಟ್ಟಿನಲ್ಲಿ ಮಗು ತಾಯಿಯ ಕುಟುಂಬದ್ದು. ಸಾಕುವವನು ಸೋದರಮಾವ, ಆಸ್ತಿ ತಾಯಿಯ ಮನೆಯದು. 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂತು, ಎಪ್ಪತ್ತರ ದಶಕದಲ್ಲಿ ಭೂಸುಧಾರಣೆ ಬಂತು. ಕುಟುಂಬದ ಮನೆಗಳು ಒಡೆದವು. ಹತ್ತು ಜನ ಹೊರುತ್ತಿದ್ದ ಭಾರ ಎರಡು ತಲೆಮಾರಿನೊಳಗೆ ಒಬ್ಬ ತಂದೆಯ ತಲೆಯ ಮೇಲೆ ಬಂತು. ಆ ಹೊಣೆ ಸರಿಯಾದದ್ದೇ, ಹಳೆಯದಕ್ಕೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಬೇರುಬಿಟ್ಟ ಪದ್ಧತಿಯನ್ನು ಒಬ್ಬ ಪಾಪಿ ಮುರಿದ ಎಂಬ ಹಾಗೆ ಮಾತಾಡುವವರು ತಮ್ಮ ಅಜ್ಜಿಯ ಮನೆಯ ಕತೆಯನ್ನೊಮ್ಮೆ ಕೇಳಿಕೊಳ್ಳಲಿ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಬಾಕಿದಾರ ತಂದೆಯ ಮಗುವಿಗೆ ಊಟ ಹಾಕುತ್ತಿರುವವನು ಅದೇ ಸೋದರಮಾವ. ಅವನ ಹೆಸರು ಯಾವ ಆದೇಶದಲ್ಲೂ ಇಲ್ಲ.

ತಾಯಂದಿರ ಮೇಲೂ ಹೊಣೆ ಇದೆ ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮು ತಂದೆ ತಾಯಿ ಇಬ್ಬರನ್ನೂ ಹೆಸರಿಸುತ್ತದೆ. 2000ದ ಪದ್ಮಜಾ ಶರ್ಮಾ ಪ್ರಕರಣದಲ್ಲಿ ದುಡಿಯುವ ತಾಯಿಯೂ ತನ್ನ ಸಂಬಳಕ್ಕೆ ತಕ್ಕ ಪಾಲು ಹೊರಬೇಕೆಂದು ಸುಪ್ರೀಂ ಕೋರ್ಟು ಹೇಳಿತು. ಅಂಥ ತಾಯಿಯ ಮೇಲೆ ಬಾಕಿಯ ಅರ್ಜಿ ಬಂದರೆ ಅವಳಿಗೆ ಉಚಿತ ವಕೀಲರು ಸಿಗಬಾರದು ಎಂದು ಹೋಟೆಲಿನ ಬೆಂಚಿನಲ್ಲಿ ಯಾರೂ ಹೇಳಲಾರರು. ಅಂದರೆ ಅವರ ಆಕ್ಷೇಪ ಬಾಕಿಯ ಮೇಲಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಆ ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು. ಜೀವನಾಂಶದ ಪ್ರತಿಯೊಂದು ನೋಟಿಸಿನ ಜೊತೆ ಕನ್ನಡದ ಒಂದು ಚೀಟಿ ಹೋಗಲಿ: ಬರಲೇಬೇಕಾದ ದಿನ, ತರಬೇಕಾದ ಕಾಗದ, ವಕೀಲರಿಲ್ಲದಿದ್ದರೆ ಎಲ್ಲಿಗೆ ಹೋಗಬೇಕು, ಮೊತ್ತ ಭಾರವಾದರೆ ಯಾವ ಅರ್ಜಿ. ಬಾಕಿ ವಸೂಲಿಯ ಕೇಸುಗಳು ಕೂಗುವ ದಿನ ಒಬ್ಬ ಪ್ಯಾನಲ್ ವಕೀಲರು ಅಲ್ಲಿಯೇ ಇರಲಿ. ಜೈಲಿಗೆ ಕಳಿಸುವ ಮೊದಲು, ಇವನ ಕೈಯಲ್ಲಿ ಇದೆಯೇ ಎಂಬ ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಉತ್ತರ ಆದೇಶದಲ್ಲಿ ಬರೆದಿರಲಿ. ಇದ್ದೂ ಕೊಡದವನು ಒಳಗೆ ಹೋಗಲಿ, ನನಗೆ ಬೇಸರವಿಲ್ಲ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟು: ನೆರೆಮನೆಯವನಿಗೆ ಜೀವನಾಂಶದ ನೋಟಿಸು ಬಂದರೆ “ಹೋಗಬೇಡ” ಎನ್ನಬೇಡಿ, “ಒಳಗೆ ಹಾಕಲಿ” ಎಂದೂ ಹೇಳಬೇಡಿ. ಆ ಕಾಗದ ಹಿಡಿದು ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಲು ಹೇಳಿ. ಫೋನಿನಲ್ಲಿ ಕೇಳುವುದಾದರೆ ಸಹಾಯವಾಣಿ ಸಂಖ್ಯೆ 15100.